ಟೈರು ಸವೆದದ್ದೂ ಲೆಕ್ಕಕ್ಕೆ ಬರುತ್ತದೆ

ಈ ಅಂಕಣಕ್ಕೆ ಪ್ರಶ್ನೆ ಕಳಿಸುವವರಲ್ಲಿ ಹೆಚ್ಚಿನವರು ಸಂಬಳದವರು. ಫಾರಂ 16, ಮನೆ ಬಾಡಿಗೆ, ಮ್ಯೂಚುವಲ್ ಫಂಡ್, ಇವೇ ಸುತ್ತಿ ಸುತ್ತಿ ಬರುತ್ತವೆ. ಈ ಸಲ ಕಾರಿನ ಹಿಂದಿನ ಸೀಟಿನವರನ್ನು ಬಿಟ್ಟು ಸ್ಟೀರಿಂಗ್ ಹಿಡಿದವರ ವಿಷಯ ನೋಡೋಣ. ಇಂಡಿ, ಅಫಜಲಪುರ, ಆಳಂದ, ಬಸವಕಲ್ಯಾಣದ ಕಡೆಯಿಂದ ಬಂದು ಮುಂಬಯಿ, ಪುಣೆ, ಹೈದರಾಬಾದಿನಲ್ಲಿ ಹಳದಿ ಬೋರ್ಡಿನ ಗಾಡಿ ಇಟ್ಟುಕೊಂಡು ಓಲಾ, ಉಬರ್ ಓಡಿಸುವ ನಮ್ಮವರು ಕಡಿಮೆಯೇನಿಲ್ಲ. ನೀವು ಓಡಿಸದಿದ್ದರೂ ನಿಮ್ಮ ಅಕ್ಕನ ಮಗನೋ ಊರಿನ ಹುಡುಗನೋ ಓಡಿಸುತ್ತಿರಬಹುದು. ಅವರಿಗೆ ಇದನ್ನು ಕಳಿಸಿಕೊಡಿ.

ಅವರಿಂದ ಬರುವ ಪ್ರಶ್ನೆ ಒಂದೇ ನಮೂನೆಯದು. "ಸರ್, ವರ್ಷಕ್ಕ ಟೈರಿಗೆ, ಕ್ಲಚ್ಚಿಗೆ, ಇನ್ಶೂರೆನ್ಸಿಗೆ ಅಂತ ಲಕ್ಷಗಟ್ಟಲೆ ಹೋಗ್ತದ. ಇದನ್ನ ಟ್ಯಾಕ್ಸಿನ್ಯಾಗ ಕಳೀಲಿಕ್ಕೆ ಬರ್ತದೇನ್ರಿ?" ಅದರ ಹಿಂದೆಯೇ ಇನ್ನೊಂದು ಮಾತು: "ಟ್ಯಾಕ್ಸ್ ಕಟ್ಟೋ ಅಷ್ಟು ಗಳಿಕಿ ನಮಗೆಲ್ಲಿ ಐತ್ರಿ?"

ಎರಡೂ ಸರಿಯಾದ ಮಾತೇ. ಖರ್ಚು ಕಳೆಯಲು ಬರುತ್ತದೆ. ಹೆಚ್ಚಿನವರಿಗೆ ತೆರಿಗೆಯೂ ಬೀಳುವುದಿಲ್ಲ. ಹಾಗಿದ್ದರೆ ಈ ಅಂಕಣ ಯಾಕೆ ಎಂದು ಕೇಳಬಹುದು. ನನ್ನ ಮಟ್ಟಿಗೆ ಚಾಲಕನ ರಿಟರ್ನ್ ಎಂದರೆ ತೆರಿಗೆ ಉಳಿಸುವ ಕಾಗದ ಅಲ್ಲ, ಅವನ ದುಡಿಮೆಗೆ ಇರುವ ಏಕೈಕ ಸರ್ಟಿಫಿಕೇಟು. ಸಂಬಳದವನಿಗೆ ಸ್ಯಾಲರಿ ಸ್ಲಿಪ್ ಇದೆ, ಇವನಿಗೆ ಅದಿಲ್ಲ. ಆ ಕಾಗದದಲ್ಲಿ ಏನು ಬರೆದಿದೆ ಎಂಬುದು ಎರಡು ಹೊತ್ತಿನಲ್ಲಿ ಮುಖ್ಯವಾಗುತ್ತದೆ: ಇನ್ನೊಂದು ಗಾಡಿಗೆ ಸಾಲ ಕೇಳುವಾಗ, ಮತ್ತು ದೇವರು ಹಾಗೆ ಮಾಡದಿರಲಿ, ಅಪಘಾತವಾದಾಗ.

ಮೊದಲು ಕಾನೂನಿನ ಎರಡು ದಾರಿಗಳನ್ನು ತಿಳಿದುಕೊಳ್ಳೋಣ.

ಒಂದು, ಅಂದಾಜು ಲಾಭದ ದಾರಿ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 44ಎಡಿ. ವರ್ಷದ ವಹಿವಾಟು 2 ಕೋಟಿ ದಾಟದ ಸಣ್ಣ ವ್ಯಾಪಾರಿಗಳಿಗೆ ಇದು ಅನ್ವಯಿಸುತ್ತದೆ. ಬ್ಯಾಂಕ್ ಮೂಲಕ, ಯುಪಿಐ ಮೂಲಕ ಬಂದ ದುಡ್ಡಿನ ಮೇಲೆ 6 ಶೇಕಡಾ, ನಗದಾಗಿ ಬಂದದ್ದರ ಮೇಲೆ 8 ಶೇಕಡಾ ಲಾಭ ಎಂದು ತೋರಿಸಿದರೆ ಸಾಕು. ಲೆಕ್ಕದ ಪುಸ್ತಕ ಬೇಡ, ಬಿಲ್ಲು ಬೇಡ. ಐಟಿಆರ್-4 ಎಂಬ ಚಿಕ್ಕ ಫಾರಂ. ಆದರೆ ಈ ದಾರಿ ಹಿಡಿದರೆ ಟೈರು, ಕ್ಲಚ್ಚು, ವಿಮೆ, ಸವಕಳಿ ಯಾವುದನ್ನೂ ಬೇರೆಯಾಗಿ ಕಳೆಯುವ ಹಾಗಿಲ್ಲ. ಆ 92, 94 ಶೇಕಡಾದಲ್ಲೇ ಎಲ್ಲ ಖರ್ಚೂ ಅಡಗಿದೆ ಎಂದು ಕಾನೂನು ಭಾವಿಸುತ್ತದೆ.

ಎರಡು, ನಿಜವಾದ ಜಮಾ-ಖರ್ಚಿನ ದಾರಿ. ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂದು ಬರೆದು ಐಟಿಆರ್-3 ತುಂಬುವುದು. ಇದಕ್ಕೆ ಪುಸ್ತಕ ಬೇಕು, ಬಿಲ್ಲು ಬೇಕು, ತಾಳ್ಮೆ ಬೇಕು.

ಇಲ್ಲಿ ಒಂದು ಎಚ್ಚರಿಕೆ. ಕೆಲವು ಏಜೆಂಟರು ಟ್ಯಾಕ್ಸಿಯವರ ರಿಟರ್ನನ್ನು 44ಎಇ ಅಡಿಯಲ್ಲಿ ತುಂಬುತ್ತಾರೆ. ತಿಂಗಳಿಗೆ ಗಾಡಿಗೆ 7,500 ರೂಪಾಯಿ ಲಾಭ ಎಂದು ಬರೆದು ಕೈತೊಳೆದುಕೊಳ್ಳುವುದು. ಅದು ಸರಕು ಸಾಗಿಸುವ ಗಾಡಿಗಳಿಗೆ ಮಾತ್ರ ಇರುವ ಸೆಕ್ಷನ್. ಟೆಂಪೋ ಓಡಿಸುವ ತಮ್ಮನಿಗೆ ಅದು ಸರಿ, ಜನರನ್ನು ಕೂರಿಸಿಕೊಂಡು ಹೋಗುವ ಅಣ್ಣನಿಗೆ ಸರಿಯಲ್ಲ. ಇನ್ನು ಯೂಟ್ಯೂಬಿನಲ್ಲಿ ಅಮೆರಿಕದ ಉಬರ್ ಚಾಲಕರ ವಿಡಿಯೊ ನೋಡಿ "ಮೈಲಿಗೆ ಇಷ್ಟು ಅಂತ ಕಳೀಬಹುದಂತಲ್ಲ" ಎನ್ನುವವರೂ ಇದ್ದಾರೆ. ಅಲ್ಲಿ ಹೌದು, 2025ಕ್ಕೆ ಮೈಲಿಗೆ 70 ಸೆಂಟಿನ ದರ ಇತ್ತು. ನಮ್ಮ ಕಾಯ್ದೆಯಲ್ಲಿ ಕಿಲೋಮೀಟರ್ ಲೆಕ್ಕ ಇಲ್ಲ. ಮೀಟರು ಎಷ್ಟೇ ತಿರುಗಲಿ, ಇಲ್ಲಿ ಕೇಳುವುದು ರೂಪಾಯಿಯನ್ನೇ.

ಈಗ ಖರ್ಚಿನ ವಿಷಯಕ್ಕೆ ಬರುತ್ತೇನೆ. ಗೊಂದಲ ಹೆಚ್ಚಿರುವುದು ಇಲ್ಲಿಯೇ.

ಗಾಡಿಯ ರಿಪೇರಿ ಮತ್ತು ವಿಮೆ ಸೆಕ್ಷನ್ 31ರಲ್ಲಿ ಬರುತ್ತವೆ. ಎಂಜಿನ್ ಆಯಿಲ್, ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಟೈರು, ಬ್ಯಾಟರಿ, ಎಸಿ ಗ್ಯಾಸ್, ಡೆಂಟಿಂಗ್-ಪೇಂಟಿಂಗ್ ಎಲ್ಲ ಆ ವರ್ಷದ ಖರ್ಚು. ಸಿಎನ್‌ಜಿ, ಟೋಲು, ಪಾರ್ಕಿಂಗ್, ತೊಳೆಸುವ ಖರ್ಚು, ಪರ್ಮಿಟ್, ಫಿಟ್‌ನೆಸ್, ಪಿಯುಸಿ, ಡ್ಯಾಶ್‌ಬೋರ್ಡಿಗೆ ಅಂಟಿಸಿದ ಫೋನಿನ ರಿಚಾರ್ಜು, ಇವು ಸೆಕ್ಷನ್ 37ರಲ್ಲಿ. ಆ್ಯಪ್‌ನವರು ಹಿಡಿದುಕೊಳ್ಳುವ ಕಮಿಷನ್ನೂ ನಿಮ್ಮ ಖರ್ಚೇ, ಅದರ ಮೇಲೆ ಹಾಕುವ 18 ಶೇಕಡಾ ಜಿಎಸ್‌ಟಿಯೂ ನಿಮ್ಮ ಖರ್ಚೇ. ಪ್ರಯಾಣಿಕ ಕೊಡುವ ದರದ ಮೇಲಿನ ಜಿಎಸ್‌ಟಿಯನ್ನು ಆ್ಯಪ್ ಕಂಪನಿಯೇ ಕಟ್ಟಬೇಕೆಂದು ಜಿಎಸ್‌ಟಿ ಕಾಯ್ದೆಯ 9(5) ಹೇಳುತ್ತದೆ. ಹಾಗಾಗಿ ಆ್ಯಪ್ ಸವಾರಿ ಮಾತ್ರ ಓಡಿಸುವ ಒಂಟಿ ಚಾಲಕನಿಗೆ ಜಿಎಸ್‌ಟಿ ನಂಬರಿನ ತಲೆನೋವಿಲ್ಲ. ಆದರೆ ನಂಬರು ಇಲ್ಲದ್ದರಿಂದ ಕಮಿಷನ್ನಿನ ಮೇಲೆ ಕೊಟ್ಟ ಜಿಎಸ್‌ಟಿ ವಾಪಸು ಬರುವುದೂ ಇಲ್ಲ. ಅದಕ್ಕೇ ಅದನ್ನು ಖರ್ಚಿನಲ್ಲಿ ಬರೆಯಬೇಕು, ಬಿಡಬಾರದು.

ರಿಪೇರಿಗೂ ಹೊಸ ಸಾಮಾನಿಗೂ ನಡುವೆ ಒಂದು ಗೆರೆ ಇದೆ. 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ. ಇರುವ ಆಸ್ತಿಯನ್ನು ಇದ್ದ ಹಾಗೆ ಉಳಿಸಿಕೊಳ್ಳಲು ಮಾಡಿದ ಖರ್ಚು ರಿಪೇರಿ. ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ತಂದರೆ ಅದು ರಿಪೇರಿಯಲ್ಲ. ತೀರ್ಪು ನೂಲಿನ ಗಿರಣಿಯದು, ಆದರೆ ಗಾಡಿಗೂ ಅದೇ ಅಳತೆ. ಹಳೆಯ ಕ್ಲಚ್ ತೆಗೆದು ಹೊಸದು ಹಾಕಿದರೆ ರಿಪೇರಿ. ಪೆಟ್ರೋಲ್ ಗಾಡಿಗೆ ಹೊಸದಾಗಿ ಸಿಎನ್‌ಜಿ ಕಿಟ್ ಕೂರಿಸಿದರೆ ಅದು ಗಾಡಿಯ ಬೆಲೆಗೆ ಸೇರುವ ಖರ್ಚು. ಅದನ್ನು ಒಂದೇ ವರ್ಷ ಕಳೆಯುವ ಹಾಗಿಲ್ಲ, ಸವಕಳಿಯಾಗಿ ವರ್ಷವರ್ಷವೂ ಕಳೆಯಬೇಕು.

ಸವಕಳಿ ಎಂಬ ಮಾತು ಬಂತು. ಮುಂಬಯಿಯಲ್ಲಿ ಟ್ಯಾಕ್ಸಿಗೆ 20 ವರ್ಷದ ಆಯುಸ್ಸು. ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ಆ ಲೆಕ್ಕದ ಪ್ರಕಾರವೇ ರಸ್ತೆ ಬಿಟ್ಟಿತು. ಆದಾಯ ತೆರಿಗೆಯ ಪುಸ್ತಕದಲ್ಲಿ ಮಾತ್ರ ಟ್ಯಾಕ್ಸಿ ಬೇಗ ಮುದಿಯಾಗುತ್ತದೆ. ಸ್ವಂತ ವ್ಯಾಪಾರಕ್ಕೆ ಬಳಸುವ ಸಾಮಾನ್ಯ ಕಾರಿಗೆ ಸವಕಳಿ 15 ಶೇಕಡಾ ಆದರೆ, ಬಾಡಿಗೆಗೆ ಓಡಿಸುವ ಟ್ಯಾಕ್ಸಿಗೆ 30 ಶೇಕಡಾ. ವಿಮೆ ಬಿಟ್ಟು ನೋಂದಣಿ ಸೇರಿಸಿ ಗಾಡಿ 8,50,000ಕ್ಕೆ ಬಿತ್ತು ಎನ್ನಿ. ಮೊದಲ ವರ್ಷ 2,55,000 ಕಳೆಯಬಹುದು. ಎರಡನೇ ವರ್ಷ ಉಳಿದ 5,95,000ದ ಮೇಲೆ 1,78,500. ಮೂರನೇ ವರ್ಷ 1,24,950. ಹೀಗೆ ಇಳಿಯುತ್ತಾ ಹೋಗುತ್ತದೆ. ಗಾಡಿ ರಸ್ತೆಗಿಳಿದ ಮೊದಲ ವರ್ಷ 180 ದಿನಕ್ಕಿಂತ ಕಡಿಮೆ ಓಡಿದ್ದರೆ ಮೊದಲ ವರ್ಷದ ಸವಕಳಿ ಅರ್ಧ ಮಾತ್ರ. ದೀಪಾವಳಿಗೆ ಗಾಡಿ ತರುವವರು ಇದನ್ನು ನೆನಪಿಡಿ. ಅಕ್ಟೋಬರ್ ಮೊದಲ ವಾರ ದಾಟಿತೆಂದರೆ ಮಾರ್ಚ್ 31ಕ್ಕೆ 180 ದಿನ ತುಂಬುವುದಿಲ್ಲ.

ಸಾಲದ ಕಂತಿನ ಬಗ್ಗೆ ಎಲ್ಲರಿಗೂ ಒಂದೇ ತಪ್ಪು ಕಲ್ಪನೆ. ತಿಂಗಳಿಗೆ 15,500 ಕಂತು, ವರ್ಷಕ್ಕೆ 1,86,000, ಅಷ್ಟೂ ಖರ್ಚು ಎಂದು ಬರೆದುಕೊಂಡು ಬರುತ್ತಾರೆ. ಅದರಲ್ಲಿ ಬಡ್ಡಿ 58,000 ಇದ್ದರೆ ಅಷ್ಟೇ ಖರ್ಚು. ಉಳಿದ 1,28,000 ಅಸಲು, ಅದು ಸಾಲ ತೀರಿಸಿದ್ದು, ಖರ್ಚಲ್ಲ. "ಹಂಗಾದ್ರ ನಮ್ಮ ಜೇಬಿಂದ ಹೋದದ್ದಕ್ಕ ಬೆಲೀನೇ ಇಲ್ಲೇನ್ರಿ?" ಎಂದು ಒಬ್ಬರು ಸಿಟ್ಟಾದರು. ಇದೆ, ಬೇರೆ ಬಾಗಿಲಿನಿಂದ ಬರುತ್ತದೆ. ಗಾಡಿಯ ಬೆಲೆಯನ್ನು ಕಾನೂನು ಸವಕಳಿಯ ರೂಪದಲ್ಲಿ ವಾಪಸು ಕೊಡುತ್ತಿದೆ. ಅಸಲನ್ನೂ ಕಳೆದು ಸವಕಳಿಯನ್ನೂ ಕಳೆದರೆ ಒಂದೇ ಗಾಡಿಯನ್ನು ಎರಡು ಸಲ ಕಳೆದ ಹಾಗಾಗುತ್ತದೆ. ಬ್ಯಾಂಕಿನಿಂದ ಬಡ್ಡಿ-ಅಸಲು ಬೇರೆ ಬೇರೆ ತೋರಿಸುವ ಸ್ಟೇಟ್‌ಮೆಂಟ್ ಕೇಳಿ ತೆಗೆದುಕೊಳ್ಳಿ. ಕೇಳಿದರೆ ಕೊಡುತ್ತಾರೆ.

ಟ್ರಾಫಿಕ್ ದಂಡ ಮಾತ್ರ ಖರ್ಚಲ್ಲ. ಸಿಗ್ನಲ್ ಹಾರಿದ್ದಕ್ಕೆ, ತಪ್ಪು ಜಾಗದಲ್ಲಿ ನಿಲ್ಲಿಸಿದ್ದಕ್ಕೆ ಬಿದ್ದ ಇ-ಚಲನ್ ಎಷ್ಟೇ ಅನ್ಯಾಯ ಅನ್ನಿಸಿದರೂ ಕಾನೂನು ಮುರಿದ ದಂಡವನ್ನು ಸೆಕ್ಷನ್ 37 ಒಪ್ಪುವುದಿಲ್ಲ. ಸಂಜೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಅದೇ ಗಾಡಿಯಲ್ಲಿ ಊರಿಗೆ ಹೋಗಿ ಬಂದ ಸಿಎನ್‌ಜಿಯೂ ವ್ಯಾಪಾರದ್ದಲ್ಲ. ಸ್ವಂತಕ್ಕೂ ಬಳಸುವ ಗಾಡಿಯಾದರೆ ಅದರ ಪಾಲಿನಷ್ಟು ಖರ್ಚನ್ನು, ಸವಕಳಿಯನ್ನು ಬಿಡಬೇಕು.

ಬಿಲ್ಲಿನ ಮಾತು. ಮುಂಬಯಿಯ ಕುರ್ಲಾ, ಪುಣೆಯ ನಾನಾ ಪೇಠ್, ಚೆನ್ನೈನ ಪುದುಪೇಟೆ, ದಿಲ್ಲಿಯ ಕಶ್ಮೀರಿ ಗೇಟ್, ಗಾಡಿಯ ಬಿಡಿಭಾಗ ಬೇಕೆಂದರೆ ನಮ್ಮವರು ಹೋಗುವ ಜಾಗಗಳು ಇವು. ಅಲ್ಲಿ ಪಕ್ಕಾ ಬಿಲ್ ಕೇಳಿದರೆ ಒಂದು ದರ, ಕೇಳದಿದ್ದರೆ ಇನ್ನೊಂದು. ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದುಕೊಟ್ಟದ್ದೇ ಬಿಲ್ಲು. ಅಂಥ ಚೀಟಿಗೆ ಬೆಲೆಯೇ ಇಲ್ಲ ಎಂದಲ್ಲ. ಆ ಚೀಟಿ, ಅದೇ ದಿನದ ಯುಪಿಐ ಪಾವತಿ, ಡೈರಿಯಲ್ಲಿ ಗಾಡಿಯ ನಂಬರು ಮತ್ತು ಕಿಲೋಮೀಟರ್ ಬರೆದ ಒಂದು ಸಾಲು, ಮೂರೂ ಒಂದಕ್ಕೊಂದು ತಾಳೆಯಾದರೆ ಅಧಿಕಾರಿಗೆ ನಂಬಲು ಆಧಾರ ಇರುತ್ತದೆ. ಬರೀ ನಗದು ಕೊಟ್ಟು "ಅಂದಾಜು 40,000 ಆಯ್ತು" ಎಂದರೆ ಇರುವುದಿಲ್ಲ. ಇದಲ್ಲದೆ ಸೆಕ್ಷನ್ 40ಎ(3) ಒಂದಿದೆ: ಒಬ್ಬನಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ಪೂರ್ತಿ ಹೋಯಿತು. ಮಿತಿ ಮೀರಿದ್ದಷ್ಟೇ ಅಲ್ಲ, ಪೂರ್ತಿ. ಎಂಜಿನ್ ಕೆಲಸಕ್ಕೆ 38,000 ನೋಟು ಎಣಿಸಿ ಕೊಡುವ ಮೊದಲು ಇದು ನೆನಪಿರಲಿ. ಸಿಎನ್‌ಜಿ ಪಂಪಿನವರು ಕೊಡುವ ನುಣುಪು ಕಾಗದದ ಬಿಲ್ಲು ಇನ್ನೊಂದು ತೊಂದರೆ. ಮೂರು ತಿಂಗಳಲ್ಲಿ ಅಕ್ಷರ ಮಾಯ. ಡ್ಯಾಶ್‌ಬೋರ್ಡಿನ ಬಿಸಿಲಿಗೆ ಇನ್ನೂ ಬೇಗ. ಅಲ್ಲಿಯೇ ಫೋಟೊ ತೆಗೆದು ನಿಮಗೆ ನೀವೇ ವಾಟ್ಸಾಪ್ ಮಾಡಿಕೊಳ್ಳಿ.

ಇಷ್ಟೆಲ್ಲ ಕಳೆದರೆ ಎಷ್ಟು ಉಳಿಯುತ್ತದೆ? ಲೆಕ್ಕಕ್ಕೆ ಒಂದು ಉದಾಹರಣೆ ಮಾಡೋಣ. ವಯಸ್ಸು 38, ಸ್ವಂತ ಸಿಎನ್‌ಜಿ ಸೆಡಾನ್, ಎರಡನೇ ವರ್ಷ. 2025-26ರಲ್ಲಿ ಪ್ರಯಾಣಿಕರು ಕೊಟ್ಟ ಒಟ್ಟು ದರ 11,40,000. ಅದರಲ್ಲಿ 4,56,000 ನಗದು, ಉಳಿದ 6,84,000 ಆನ್‌ಲೈನ್. ಕಮಿಷನ್ ಜಿಎಸ್‌ಟಿ ಸೇರಿ 2,40,000. ವರ್ಷಕ್ಕೆ 52,000 ಕಿಲೋಮೀಟರ್ ಓಡಿಸಿದರೆ, ಕೆಜಿಗೆ 24 ಕಿಲೋಮೀಟರಿನಂತೆ, 80 ರೂಪಾಯಿ ದರದಲ್ಲಿ ಸಿಎನ್‌ಜಿ ಸುಮಾರು 1,73,000. ಸರ್ವಿಸು-ರಿಪೇರಿ 34,000, ನಾಲ್ಕು ಟೈರು 17,000, ವಿಮೆ 46,000, ಪರ್ಮಿಟ್ ಫಿಟ್‌ನೆಸ್ ಎಲ್ಲ 9,000, ಟೋಲು ಪಾರ್ಕಿಂಗ್ 21,000, ಫೋನು, ತೊಳೆಸುವುದು ಮುಂತಾದ ಚಿಲ್ಲರೆ 14,000, ಬಡ್ಡಿ 58,000. ಒಟ್ಟು ಖರ್ಚು 6,12,000. ಉಳಿದದ್ದು 5,28,000. ಎರಡನೇ ವರ್ಷದ ಸವಕಳಿ 1,78,500 ಕಳೆದರೆ 3,49,500.

ಅದೇ ಮನುಷ್ಯ 44ಎಡಿ ಕನಿಷ್ಠದಂತೆ ಹೋದರೆ? ನಗದಿನ 8 ಶೇಕಡಾ 36,480, ಆನ್‌ಲೈನಿನ 6 ಶೇಕಡಾ 41,040. ಒಟ್ಟು ಆದಾಯ 77,520 ರೂಪಾಯಿ. ವರ್ಷಕ್ಕೆ!

ಏಜೆಂಟನಿಗೆ ಇದು ಸುಲಭ. ಐದು ನಿಮಿಷದ ಕೆಲಸ, ಐನೂರು ರೂಪಾಯಿ, "ನೋಡಣ್ಣ, ಟ್ಯಾಕ್ಸ್ ಸೊನ್ನೆ ಮಾಡಿಕೊಟ್ಟೆ." ಆದರೆ 3,49,500 ತೋರಿಸಿದ್ದರೂ ತೆರಿಗೆ ಸೊನ್ನೆಯೇ ಆಗಿತ್ತಲ್ಲ! 2025-26ರ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ, ಮತ್ತು ಒಟ್ಟು ಆದಾಯ 12 ಲಕ್ಷದವರೆಗೆ ಇರುವವರಿಗೆ 87ಎ ರಿಯಾಯಿತಿಯಿಂದ ಪೂರ್ತಿ ಮಾಫಿ. ಈ ರಿಯಾಯಿತಿ ಸಂಬಳದವರಿಗೆ ಮಾತ್ರ ಎಂದು ಯಾರೋ ಹಬ್ಬಿಸಿದ್ದಾರೆ. ಹಾಗೇನಿಲ್ಲ, ದೇಶದಲ್ಲಿ ವಾಸವಿರುವ ಯಾವ ವ್ಯಕ್ತಿಗಾದರೂ, ವ್ಯಾಪಾರದ ಆದಾಯಕ್ಕೂ ಸಿಗುತ್ತದೆ. ಹಾಗಾದರೆ ಆದಾಯವನ್ನು 77,520ಕ್ಕೆ ಇಳಿಸಿ ಉಳಿಸಿದ್ದೇನು? ಒಂದು ರೂಪಾಯಿಯೂ ಇಲ್ಲ.

ಕಳೆದುಕೊಂಡದ್ದೇನು ನೋಡಿ. ಡೊಂಬಿವಿಲಿ ಕಡೆಯ ಒಬ್ಬರು ಎರಡನೇ ಗಾಡಿಗೆ ಸಾಲ ಕೇಳಲು ಒಂದು ಬ್ಯಾಂಕಿಗೆ ಹೋಗಿದ್ದರು. ಮೂರು ವರ್ಷದ ರಿಟರ್ನ್ ಇತ್ತು, ಒಂದು ಕಂತೂ ತಪ್ಪಿಸಿರಲಿಲ್ಲ. ಅಲ್ಲಿದ್ದ ಅಧಿಕಾರಿ ಕಾಗದ ನೋಡಿ, "ವರ್ಷಕ್ಕೆ ಎಪ್ಪತ್ತು ಸಾವಿರ ಗಳಿಸುವವರು ತಿಂಗಳಿಗೆ ಹದಿನೈದು ಸಾವಿರದ ಕಂತು ಹೇಗೆ ಕಟ್ಟುತ್ತೀರಿ?" ಎಂದರು. ಉತ್ತರ ಏನು ಕೊಡುವುದು? ಕಟ್ಟುತ್ತಿರುವುದಂತೂ ನಿಜ. ಆದರೆ ಕಾಗದ ಬೇರೆ ಹೇಳುತ್ತಿದೆ. ಕೊನೆಗೆ ಅವರು ಹೆಚ್ಚಿನ ಬಡ್ಡಿಗೆ ಖಾಸಗಿ ಫೈನಾನ್ಸಿನಿಂದ ತೆಗೆದುಕೊಂಡರು. ಐಟಿಆರ್-3ರಲ್ಲಿ ಜಮಾ-ಖರ್ಚು ತೋರಿಸಿದವರಿಗೆ ಇಲ್ಲಿ ಇನ್ನೊಂದು ಅನುಕೂಲ ಇದೆ. ಸವಕಳಿಯಿಂದ ಜೇಬಿನ ದುಡ್ಡು ಹೋಗಿರುವುದಿಲ್ಲ, ಆದ್ದರಿಂದ ಸಾಲ ಕೊಡುವವರು ಸಾಮಾನ್ಯವಾಗಿ ಅದನ್ನು ಆದಾಯಕ್ಕೆ ಮತ್ತೆ ಸೇರಿಸಿ ನೋಡುತ್ತಾರೆ. ನಮ್ಮ ಉದಾಹರಣೆಯವರು ಆಗ 5,28,000ದ ಮನುಷ್ಯ.

ಅಪಘಾತದ ವಿಷಯ ಬರೆಯಲು ಮನಸ್ಸಿಲ್ಲ, ಆದರೆ ಬಿಡಲೂ ಆಗದು. ದಿನಕ್ಕೆ ಹನ್ನೆರಡು ಗಂಟೆ ರಸ್ತೆಯಲ್ಲಿರುವವರ ಕೆಲಸ ಇದು. ಬೇರೆಯವರ ಗಾಡಿಯ ತಪ್ಪಿನಿಂದ ಚಾಲಕ ತೀರಿಕೊಂಡರೆ ಮನೆಯವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತಾರೆ. ಪರಿಹಾರಕ್ಕೆ ಅಲ್ಲಿ ಒಂದು ಸೂತ್ರ ಇದೆ, 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟದ್ದು. ವಾರ್ಷಿಕ ಆದಾಯಕ್ಕೆ, ಸ್ವಂತ ಉದ್ಯೋಗದವರು 40ರ ಒಳಗಿದ್ದರೆ, ಮುಂದೆ ಹೆಚ್ಚಬಹುದಾದ ಗಳಿಕೆಯೆಂದು 40 ಶೇಕಡಾ ಸೇರಿಸುತ್ತಾರೆ. ನಾಲ್ಕರಿಂದ ಆರು ಜನ ಅವಲಂಬಿತರಿದ್ದರೆ ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆಯುತ್ತಾರೆ. 36ರಿಂದ 40ರ ವಯಸ್ಸಿಗೆ ಅದನ್ನು 15ರಿಂದ ಗುಣಿಸುತ್ತಾರೆ. ಆದಾಯಕ್ಕೆ ಏನು ಆಧಾರ? ರಿಟರ್ನ್ ಇದ್ದರೆ ರಿಟರ್ನೇ. ಅದು ಕಾನೂನಿನ ದಾಖಲೆ, ಅದನ್ನು ನಂಬಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದೆ.

ಈಗ ಮೇಲಿನ ಎರಡು ಅಂಕಿಗಳನ್ನು ಈ ಸೂತ್ರಕ್ಕೆ ಹಾಕಿ. 3,49,500 ಹಾಕಿದರೆ 55,04,625 ರೂಪಾಯಿ. 77,520 ಹಾಕಿದರೆ 12,20,940. ಅದೇ ಮನುಷ್ಯ, ಅದೇ ಗಾಡಿ, ಅದೇ ದುಡಿಮೆ. ರಿಟರ್ನ್ ತೀರಾ ಕಡಿಮೆ ಇದ್ದಾಗ ವಕೀಲರು ಬೇರೆ ಆಧಾರ ತೋರಿಸಿ ವಾದಿಸಬಹುದು, ನ್ಯಾಯಮಂಡಳಿ ಒಪ್ಪಲೂಬಹುದು. ಆದರೆ ಗಂಡನೇ ಸಹಿ ಹಾಕಿ ಕೊಟ್ಟ ಕಾಗದದ ವಿರುದ್ಧ ಹೆಂಡತಿ ವಾದಿಸಬೇಕಾದ ಸ್ಥಿತಿ ಯಾಕೆ ಬರಬೇಕು?

ಇದನ್ನು ಹೇಳಿದರೆ, "ಹಾಗಾದರೆ ಎಲ್ಲರೂ ಐಟಿಆರ್-3 ತುಂಬಬೇಕೇ?" ಎಂದು ಕೇಳುತ್ತಾರೆ. ಬೇಕಿಲ್ಲ. 44ಎಡಿ ಹೇಳುವ 6, 8 ಶೇಕಡಾ ಕನಿಷ್ಠ ಮಿತಿ, ಗರಿಷ್ಠ ಅಲ್ಲ. ಅದಕ್ಕಿಂತ ಹೆಚ್ಚು ಗಳಿಸಿದ್ದರೆ ಹೆಚ್ಚೇ ತೋರಿಸಬೇಕು ಎಂಬುದು ಆ ಸೆಕ್ಷನ್ನಿನ ಮಾತಿನಲ್ಲೇ ಇದೆ. ಐಟಿಆರ್-4ರಲ್ಲೇ ವಹಿವಾಟು 11,40,000, ಲಾಭ 3,49,500 ಎಂದು ಬರೆಯಿರಿ. ಆಡಿಟ್ ಬೇಡ, ಚಿಕ್ಕ ಫಾರಂ, ತೆರಿಗೆ ಸೊನ್ನೆ, ಆದಾಯ ನಿಜದ್ದು. ಒಂದು ಗಾಡಿಯ ಚಾಲಕನಿಗೆ ನನ್ನ ಸಲಹೆ ಇದೇ. ಹಾಗಾದರೆ ಟೈರಿನ ಬಿಲ್ಲು ಯಾಕೆ ಇಡಬೇಕು? ಆ 3,49,500 ಎಲ್ಲಿಂದ ಬಂತು ಎಂದು ನಿಮಗೇ ಗೊತ್ತಿರಲು. ಬಹಳ ಜನ ಚಾಲಕರಿಗೆ ತಿಂಗಳಿಗೆ ಕೈಗೆಷ್ಟು ಬಂತು ಗೊತ್ತು, ಉಳಿದದ್ದೆಷ್ಟು ಗೊತ್ತಿಲ್ಲ. ನಮ್ಮ ಉದಾಹರಣೆಯಲ್ಲಿ 5,28,000ದಿಂದ ಅಸಲು 1,28,000 ಕಟ್ಟಿದ ಮೇಲೆ ಮನೆಗೆ ಹೋದದ್ದು 4 ಲಕ್ಷ, ತಿಂಗಳಿಗೆ 33,000 ಚಿಲ್ಲರೆ. ತಿಂಗಳಿಗೆ 95,000 ದುಡಿಯುತ್ತೇನೆ ಎಂದು ಊರಿನಲ್ಲಿ ಹೇಳಿಕೊಳ್ಳುವವನ ಲೆಕ್ಕ ಇದು!

ಪೂರ್ತಿ ಜಮಾ-ಖರ್ಚಿನ ದಾರಿ ನಿಜವಾಗಿ ಬೇಕಾಗುವುದು ಕೆಲವರಿಗೆ. ಮೂರು ನಾಲ್ಕು ಗಾಡಿ ಇಟ್ಟು ಸಂಬಳದ ಚಾಲಕರನ್ನು ಇಟ್ಟವರಿಗೆ, ಬೇರೆ ಆದಾಯವೂ ಸೇರಿ 12 ಲಕ್ಷ ದಾಟುವವರಿಗೆ ಅಲ್ಲಿ ಸವಕಳಿಯ ಒಂದೊಂದು ರೂಪಾಯಿಗೂ ಬೆಲೆ ಇದೆ. ಅಥವಾ ಗಾಡಿ ನಾಲ್ಕು ತಿಂಗಳು ಗ್ಯಾರೇಜಿನಲ್ಲಿ ನಿಂತು, ವರ್ಷದ ಕೊನೆಗೆ 6 ಶೇಕಡಾ ಕೂಡ ಉಳಿಯದವರಿಗೆ. ಆದರೆ ದಾರಿ ಬದಲಿಸುವ ಮೊದಲು ಯೋಚಿಸಿ. ಒಮ್ಮೆ 44ಎಡಿ ಹಿಡಿದವರು ಐದು ವರ್ಷ ಅದರಲ್ಲೇ ಇರಬೇಕೆಂಬುದು ನಿಯಮ. ನಡುವೆ ಬಿಟ್ಟರೆ ಮುಂದಿನ ಐದು ವರ್ಷ ಆ ಬಾಗಿಲು ಮುಚ್ಚುತ್ತದೆ. ಒಟ್ಟು ಆದಾಯ ತೆರಿಗೆಯಿಲ್ಲದ ಮಿತಿಯನ್ನು ದಾಟಿದ್ದರೆ ಲೆಕ್ಕ ಬರೆದು ಆಡಿಟ್ ಮಾಡಿಸಬೇಕು. ಆಡಿಟ್ ಫೀ ಕೊಟ್ಟು ಟೈರಿನ ಖರ್ಚು ಉಳಿಸಿದರೆ ಬಂದ ಲಾಭವೇನು?

ಗಾಡಿ ಸ್ವಂತದ್ದಲ್ಲದೆ ದಿನಬಾಡಿಗೆಗೆ ತೆಗೆದುಕೊಂಡು ಓಡಿಸುವವರಿಗೆ ಸವಕಳಿ ಇಲ್ಲ, ಅದು ಮಾಲೀಕನದು. ಕೊಟ್ಟ ಬಾಡಿಗೆಯೇ ಇವರ ಖರ್ಚು. ನಗದು ಕೊಡುವ ರೂಢಿ ಇದ್ದರೆ ಯುಪಿಐಗೆ ಬದಲಿಸಿ. ಮಾಲೀಕ ಬೇಡ ಅಂದರೆ ಯಾಕೆ ಅಂತ ನಿಮಗೂ ಗೊತ್ತು.

ವಹಿವಾಟು ಬರೆಯುವಾಗ ಒಂದು ಮುಖ್ಯ ಮಾತು. ನಿಮ್ಮ ಬ್ಯಾಂಕಿಗೆ ಬಂದ ಮೊತ್ತವನ್ನು ವಹಿವಾಟು ಎಂದು ಬರೆಯಬೇಡಿ. ಅದು ಕಮಿಷನ್ ಕಳೆದ ಮೊತ್ತ, ನಗದು ಸವಾರಿಗಳೂ ಅದರಲ್ಲಿಲ್ಲ. ಸೆಕ್ಷನ್ 194-ಒ ಪ್ರಕಾರ ಆ್ಯಪ್ ಕಂಪನಿ ಒಟ್ಟು ದರದ ಮೇಲೆ ಟಿಡಿಎಸ್ ಹಿಡಿದು ಇಲಾಖೆಗೆ ತಿಳಿಸುತ್ತದೆ. ಪ್ಯಾನ್ ಅಥವಾ ಆಧಾರ್ ಕೊಟ್ಟಿದ್ದು ವರ್ಷಕ್ಕೆ 5 ಲಕ್ಷ ದಾಟದವರಿಗೆ ಟಿಡಿಎಸ್ ಇಲ್ಲ. ಆದಾಯ ತೆರಿಗೆಯ ಪೋರ್ಟಲಿನಲ್ಲಿ 26ಎಎಸ್ ಮತ್ತು ಎಐಎಸ್ ತೆರೆದು ನೋಡಿದರೆ ಆ ದೊಡ್ಡ ಅಂಕಿ ಕಾಣುತ್ತದೆ. ಅಲ್ಲಿ 11 ಲಕ್ಷ ಇದ್ದು ನೀವು 7 ಲಕ್ಷ ಬರೆದರೆ ಒಂದು ದಿನ ನೋಟಿಸು ಬರುತ್ತದೆ. ಇತ್ತೀಚೆಗೆ ಕಮಿಷನ್ ಬದಲು ದಿನಕ್ಕಿಷ್ಟು ಎಂದು ಚಂದಾ ಹಿಡಿಯುವ ಆ್ಯಪ್‌ಗಳು ಹೆಚ್ಚಿವೆ. ಪ್ರಯಾಣಿಕ ನೇರವಾಗಿ ನಿಮಗೇ ದುಡ್ಡು ಕೊಡುತ್ತಾನೆ. ಟಿಡಿಎಸ್ ಕಾಣಲಿ ಬಿಡಲಿ, ಆ ದುಡ್ಡೂ ವಹಿವಾಟೇ. ಚಂದಾ ಖರ್ಚು.

ಈ ಟಿಡಿಎಸ್ 2021ರ ಏಪ್ರಿಲಿನಿಂದ 2024ರ ಸೆಪ್ಟೆಂಬರ್ ಕೊನೆಯವರೆಗೆ 1 ಶೇಕಡಾ ಇತ್ತು, ಆಮೇಲೆ 0.1ಕ್ಕೆ ಇಳಿಯಿತು. ಈಗ ನಮ್ಮ ಉದಾಹರಣೆಯವರಿಗೆ ಹೋಗುವುದು 1,140 ರೂಪಾಯಿ. ಹಳೆಯ ದರದಲ್ಲಿ 11,400 ಹೋಗುತ್ತಿತ್ತು. ತೆರಿಗೆಯೇ ಬೀಳದವರಿಗೆ ಅಷ್ಟೂ ವಾಪಸು ಸಿಗಬೇಕಾದ ಹಣ. ಆ ವರ್ಷಗಳಲ್ಲಿ "ನಮಗ್ಯಾಕ್ರಿ ರಿಟರ್ನು" ಎಂದು ಸುಮ್ಮನಿದ್ದವರು ಬಹಳ. ಅವರಿಗೆ ಇನ್ನೂ ಒಂದು ದಾರಿ ಉಳಿದಿದೆ. ತಡವಾದದ್ದನ್ನು ಮನ್ನಿಸಿ ರಿಫಂಡ್ ಕೊಡಿ ಎಂದು ಸೆಕ್ಷನ್ 119(2)(ಬಿ) ಅಡಿಯಲ್ಲಿ ಅರ್ಜಿ ಹಾಕಬಹುದು. ಆಯಾ ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ ಐದು ವರ್ಷದೊಳಗೆ ಹಾಕಬೇಕು. ಅಂದರೆ 2021-22ರ ಗಳಿಕೆಗೆ 2028ರ ಮಾರ್ಚ್ 31ರವರೆಗೆ ಸಮಯ ಇದೆ. ಯಾಕೆ ತಡವಾಯಿತು ಎಂಬುದಕ್ಕೆ ನಂಬುವಂಥ ಕಾರಣ ಬರೆಯಬೇಕು, ಒಪ್ಪುವುದು ಬಿಡುವುದು ಅಧಿಕಾರಿಯ ಕೈಯಲ್ಲಿ. ಮೂರು ವರ್ಷದ ಮೂವತ್ತು ಸಾವಿರ ಸಿಕ್ಕುವುದಾದರೆ ಒಂದು ಅರ್ಜಿ ಬರೆಯುವ ಶ್ರಮಕ್ಕೆ ಮೋಸವಿಲ್ಲ.

ಗಾಡಿ ಮಾರುವಾಗಲೂ ಸವಕಳಿ ಹಿಂದೆ ಬರುತ್ತದೆ. ಮೇಲಿನ ಗಾಡಿಗೆ ಮೂರು ವರ್ಷದ ನಂತರ ಪುಸ್ತಕದಲ್ಲಿ ಉಳಿದ ಬೆಲೆ 2,91,550. ಅದನ್ನು 3,20,000ಕ್ಕೆ ಮಾರಿ, ಆ ವರ್ಷ ಬೇರೆ ಗಾಡಿ ಕೊಳ್ಳದಿದ್ದರೆ, ನಡುವಿನ 28,450 ನಿಮ್ಮ ಆದಾಯಕ್ಕೆ ಸೇರುತ್ತದೆ. ಅದೇ ವರ್ಷ ಹೊಸ ಟ್ಯಾಕ್ಸಿ ತಂದರೆ ಅದರ ಬೆಲೆಯಲ್ಲಿ ಹೊಂದಿಕೊಂಡು ಹೋಗುತ್ತದೆ. 44ಎಡಿಯಲ್ಲಿ ಸವಕಳಿಯನ್ನು ನೀವು ಬೇರೆಯಾಗಿ ಕಳೆದಿರದಿದ್ದರೂ ಕಳೆದ ಹಾಗೆಯೇ ಎಂದು ಕಾನೂನು ಎಣಿಸುತ್ತದೆ. ಆದ್ದರಿಂದ ಗಾಡಿ ಕೊಂಡ ಬಿಲ್ಲನ್ನು ಸಾಲ ತೀರಿದ ಮೇಲೂ ಎಸೆಯಬೇಡಿ.

ಈ ಲೇಖನದ ಸೆಕ್ಷನ್ ನಂಬರುಗಳೆಲ್ಲ 1961ರ ಕಾಯ್ದೆಯವು. 2025-26ರ ಗಳಿಕೆಗೆ ಅವೇ. 2026ರ ಏಪ್ರಿಲ್ 1ರಿಂದ ಗಳಿಸಿದ್ದಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ. ಅದರಲ್ಲಿ ಅಂದಾಜು ಲಾಭದ ನಿಯಮಗಳನ್ನೆಲ್ಲ ಸೆಕ್ಷನ್ 58ರಲ್ಲಿ ಒಟ್ಟು ಮಾಡಿದ್ದಾರೆ. ನಿಮ್ಮ ಏಜೆಂಟರು ಮುಂದಿನ ವರ್ಷ "44ಎಡಿ ಈಗಿಲ್ಲ" ಎಂದರೆ ಗಾಬರಿಯಾಗದೆ, 58ರಲ್ಲಿ ಲಾಭ ಎಷ್ಟು ಬರೆದಿರಿ ಎಂದು ಕೇಳಿ.